ಬಣ್ಣದ ಸಾಕ್ಷ್ಯ

ಮಂಗಳೂರಿನ ಬಾವುಟಗುಡ್ಡೆಯನ್ನೇರಿದವರು ಸಂತ ಅಲೋಶಿಯಸ್ ಕಾಲೇಜಿನ ಚಾಪೆಲನ್ನು ಕಾಣದೆ ಹಿಂತಿರುಗುವುದು ಅಪರೂಪ. ಹೊರಗೆ ಬಿಸಿಲು ಉರಿಯುತ್ತಿದ್ದರೂ ಒಳಗೆ ಕಾಲಿಟ್ಟೊಡನೆ ಕಣ್ಣು ತಣಿಯುತ್ತದೆ. ಗೋಡೆ, ಕಂಬ, ಮಾಡು, ಎಲ್ಲೆಲ್ಲಿಯೂ ಚಿತ್ರಗಳು. ಇವನ್ನು ಬರೆದವನು ಇಟಲಿಯ ಜೆಸುಯಿಟ್ ಸಹೋದರ ಆಂಟೋನಿಯೊ ಮೊಸ್ಕೇನಿ. ಹತ್ತೊಂಬತ್ತನೆಯ ಶತಮಾನ ಮುಗಿದು ಇಪ್ಪತ್ತನೆಯದು ಮೊದಲಾಗುವ ವೇಳೆಗೆ ಆತ ಈ ಕೆಲಸವನ್ನು ನಡೆಸಿದನು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡನು.

ಚಿತ್ರ ಬರೆದವನು ಹೋದನು. ಚಿತ್ರವನ್ನು ಉಳಿಸುವ ಹೊಣೆ ಊರಿಗೆ ಬಂದಿತು. ಇದು ಸುಲಭದ ಹೊಣೆಯಲ್ಲ. ಇಟಲಿಯ ಒಣಹವೆಯಲ್ಲಿ ಬೆಳೆದ ಕಲೆ ಇಲ್ಲಿ ಕಡಲ ಉಪ್ಪುಗಾಳಿಗೂ ನಾಲ್ಕು ತಿಂಗಳ ಎಡೆಬಿಡದ ಮಳೆಗೂ ಮೈಯೊಡ್ಡಬೇಕು. ಗೋಡೆಯೊಳಗಿನ ತೇವವು ಲವಣವನ್ನು ಹೊತ್ತು ಹೊರಬರುತ್ತದೆ. ನೀರು ಆರಿದಾಗ ಲವಣ ಹರಳುಗಟ್ಟಿ ಬಣ್ಣದ ಪದರವನ್ನೇ ಎತ್ತಿಬಿಡುತ್ತದೆ. ಆದುದರಿಂದಲೇ 1990ರ ದಶಕದ ಆರಂಭದಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ಈ ಚಿತ್ರಗಳ ಜೀರ್ಣೋದ್ಧಾರಕ್ಕೆ ಕೈಹಾಕಬೇಕಾಯಿತು.

ಇಂತಹ ಕೆಲಸದಲ್ಲಿ ಕುಂಚಕ್ಕಿಂತ ಮೊದಲು ಬೇಕಾದುದು ಜ್ಞಾನ. ಚಾಪೆಲಿನ ಗೋಡೆಯ ಚಿತ್ರಗಳು ಫ್ರೆಸ್ಕೊ ವಿಧಾನದವು. ಮಾಡಿನ ಚಿತ್ರಗಳು ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳು. ಫ್ರೆಸ್ಕೊದಲ್ಲಿ ಹಸಿಯಾದ ಸುಣ್ಣದ ಗಾರೆಯ ಮೇಲೆ ನೀರಿನಲ್ಲಿ ಕದಡಿದ ಬಣ್ಣವನ್ನು ಬಳಿಯುತ್ತಾರೆ. ಸುಣ್ಣವು ಗಾಳಿಯೊಳಗಿನ ಇಂಗಾಲಾಮ್ಲವನ್ನು ಹೀರಿ ಮತ್ತೆ ಕಲ್ಲಾಗುವಾಗ ಬಣ್ಣವನ್ನೂ ತನ್ನೊಳಗೆ ಸೆರೆಹಿಡಿಯುತ್ತದೆ. ಆದರೆ ಎಲ್ಲ ಬಣ್ಣಗಳೂ ಸುಣ್ಣದೊಡನೆ ಬಾಳಲಾರವು. ಪ್ರಷ್ಯನ್ ನೀಲಿ ಸುಣ್ಣದ ಕ್ಷಾರಕ್ಕೆ ಕೆಟ್ಟು ಕಂದುತ್ತದೆ. ಸೀಸದ ಬಿಳುಪು ಗೋಡೆಯ ಮೇಲೆ ಕಪ್ಪಾಗುವುದುಂಟು. ನಮ್ಮ ಕಾವಿಯಾದರೋ ಸುಣ್ಣದ ನೆಚ್ಚಿನ ನೆಂಟ. ಮುರಕಲ್ಲನ್ನೂ ಮಂಗಳೂರು ಹೆಂಚನ್ನೂ ಕೆಂಪಾಗಿಸಿದ ಕಬ್ಬಿಣದ ಅಂಶವೇ ಕಾವಿಯ ಜೀವ. ಕರಾವಳಿಯ ಹಳೆಯ ದೇವಾಲಯಗಳ ಕಾವಿ ಚಿತ್ತಾರಗಳು ಇಷ್ಟು ಕಾಲ ಉಳಿದುಬಂದಿರುವುದರಲ್ಲಿ ಈ ನೆಂಟಸ್ತಿಕೆಯ ಪಾಲೂ ಇದೆ.

ಹಾಗಾದರೆ ಯಾವ ಚಿತ್ರದಲ್ಲಿ ಯಾವ ಬಣ್ಣವಿದೆಯೆಂದು ತಿಳಿಯುವುದು ಹೇಗೆ? ಕಣ್ಣು ಮೋಸಹೋಗಬಹುದು. ಇಂಗಲೀಕವೂ ಸಿಂಧೂರವೂ ಕೆಂಪೇ. ಆದರೆ ಒಂದು ಪಾದರಸ ಗಂಧಕಗಳ ಸಂತಾನ, ಮತ್ತೊಂದು ಸೀಸದ್ದು. ಬಣ್ಣದ ಮೇಲೆ ಕ್ಷ-ಕಿರಣವನ್ನು ಹಾಯಿಸಿದರೆ ಅದರೊಳಗಿನ ಪ್ರತಿಯೊಂದು ಧಾತುವೂ ತನ್ನದೇ ಆದ ಕಿರಣವನ್ನು ಹೊರಸೂಸಿ ಹೆಸರು ಹೇಳುತ್ತದೆ. ಇದಕ್ಕೆ ಚಿತ್ರವನ್ನು ಕೆರೆಯಬೇಕಾದುದೂ ಇಲ್ಲ. ಇನ್ನೊಂದು ಸಾಧನ ಭಾರತೀಯರಿಗೆ ಹೆಮ್ಮೆಯದು. 1928ರಲ್ಲಿ ಸರ್ ಸಿ. ವಿ. ರಾಮನ್ನರು ಕಂಡುಹಿಡಿದ ಪರಿಣಾಮದಂತೆ, ವಸ್ತುವಿನಿಂದ ಚೆದರಿದ ಬೆಳಕಿನ ಅಲ್ಪಭಾಗವು ಅಣುಗಳ ಕಂಪನಕ್ಕೆ ತಕ್ಕಂತೆ ಬಣ್ಣ ಬದಲಿಸುತ್ತದೆ. ಲೇಸರ್ ದೀಪ ಬಂದ ಮೇಲೆ ಸಾಸಿವೆಗಿಂತ ಚಿಕ್ಕ ಕಣವೂ ಈ ಪರೀಕ್ಷೆಗೆ ಸಾಕಾಯಿತು.

ಬಣ್ಣಕ್ಕೆ ಹುಟ್ಟಿದ ದಿನವೂ ಉಂಟು. ಟೈಟೇನಿಯಂ ಬಿಳುಪು ವರ್ಣಕಾರರ ಕೈಗೆ ಬಂದುದು 1920ರ ಸುಮಾರಿಗೆ. 1905ರಲ್ಲಿ ತೀರಿಹೋದ ಕಲಾವಿದನ ಚಿತ್ರದಲ್ಲಿ ಅದು ಕಂಡರೆ, ಅಲ್ಲಿ ಬೇರೊಬ್ಬರ ಕೈಯಾಡಿದೆಯೆಂದೇ ಅರ್ಥ. ಆದರೂ ಆತುರ ಸಲ್ಲದು. ಟೈಟೇನಿಯಂ ಧಾತು ನಮ್ಮ ಮಣ್ಣಿನಲ್ಲಿಯೂ ಕೊಂಚ ಇರುತ್ತದೆ. ಕ್ಷ-ಕಿರಣ ಅದರ ಹೆಸರು ಹೇಳಿದ ಮಾತ್ರಕ್ಕೆ ತೀರ್ಪು ಕೊಡಲಾಗದು. ಒಂದು ಸಾಕ್ಷಿಯ ಮಾತನ್ನು ಮತ್ತೊಂದು ಸಾಕ್ಷಿಯಿಂದ ಪರೀಕ್ಷಿಸಬೇಕು.

ಇಷ್ಟೆಲ್ಲ ಸೂಕ್ಷ್ಮವೇಕೆಂದು ಕೇಳುವವರುಂಟು. ಮನೆಯ ಹಳೆಯ ದೇವರಪಟ ಮಸುಕಾದಾಗ ಒದ್ದೆಬಟ್ಟೆಯಿಂದ ತಿಕ್ಕಿದ ಗೃಹಿಣಿಗೆ ಉತ್ತರ ಗೊತ್ತು: ಮಸಿಯೊಡನೆ ಮುಖವೂ ಹೋಗಿರುತ್ತದೆ! ಗಾರೆ ಆರಿದ ಮೇಲೆ ಅಂಟು ಬೆರೆಸಿ ಬರೆದ ಬಣ್ಣ ನೀರಿಗೆ ನಿಲ್ಲದಿರಬಹುದು. ಯಾವುದು ಮಸಿ, ಯಾವುದು ನೆರಳು, ಯಾವುದು ಕಲಾವಿದನದು, ಯಾವುದು ಆಮೇಲಿನವರ ತೇಪೆ ಎಂದು ತಿಳಿಯದೆ ಒರೆಸಿದರೆ ಕಳೆದುಹೋದುದನ್ನು ಮರಳಿ ತರಲು ಯಾವ ವಿಜ್ಞಾನಕ್ಕೂ ಸಾಧ್ಯವಿಲ್ಲ.

ಮುಂದೆ ಚಾಪೆಲಿಗೆ ಹೋದ ಮಕ್ಕಳು ಗೋಡೆಯನ್ನು ಮುಟ್ಟಲು ಕೈಚಾಚಿದರೆ ಹಿರಿಯರು ಗದರಿಸಬೇಕಾಗಿಲ್ಲ. ಈ ಬಣ್ಣದ ಕಥೆಯನ್ನು ಹೇಳಿದರೆ ಕೈ ತಾನಾಗಿಯೇ ಹಿಂದೆ ಸರಿದೀತು.