ಕಾರಿನ ಉಸಿರಿಗೂ ಪರೀಕ್ಷೆ

ಮಕ್ಕಳೇ, ನಿಮಗೆ ಶಾಲೆಯಲ್ಲಿ ಪರೀಕ್ಷೆ ಇರುವಂತೆ ಮನೆಯ ಕಾರಿಗೂ ಒಂದಿದೆ. ಹೊಸ ಕಾರಿಗೆ ಮೊದಲ ವರ್ಷ ರಜೆ. ಆಮೇಲೆ ಈಚಿನ ಕಾರಾದರೆ ವರ್ಷಕ್ಕೊಮ್ಮೆ, ತೀರಾ ಹಳೆಯದಾದರೆ ಆರು ತಿಂಗಳಿಗೊಮ್ಮೆ. ಪೆಟ್ರೋಲ್ ಬಂಕಿನ ಮೂಲೆಯಲ್ಲಿ ‘ಹೊಗೆ ತಪಾಸಣೆ’ ಎಂಬ ಬೋರ್ಡಿನ ಪುಟ್ಟ ಗೂಡು ಇರುತ್ತದಲ್ಲ, ಅದೇ ಪರೀಕ್ಷಾ ಕೊಠಡಿ.

ಕಳೆದ ವಾರ ಮಗನ ಜೊತೆ ನಾನೂ ಮೊಮ್ಮಗಳೂ ಅಲ್ಲಿಗೆ ಹೋಗಿದ್ದೆವು. ಅಲ್ಲಿನ ಹುಡುಗ ಉದ್ದನೆಯ ಕೊಳವೆಯನ್ನು ಸೈಲೆನ್ಸರಿನೊಳಗೆ ತೂರಿಸಿದ. “ತಾತ, ಡಾಕ್ಟ್ರು ನನ್ನ ಬಾಯಿಗೆ ಥರ್ಮಾಮೀಟರ್ ಇಟ್ಟ ಹಾಗೇ ಇದೆ!” ಎಂದಳು.

ಪೆಟ್ರೋಲ್ ಕಾರಾದ್ದರಿಂದ ಯಂತ್ರ ಮುಖ್ಯವಾಗಿ ಎರಡನ್ನು ಅಳೆಯಿತು: ಕಾರ್ಬನ್ ಮಾನಾಕ್ಸೈಡ್ ಮತ್ತು ಸರಿಯಾಗಿ ಉರಿಯದೆ ಉಳಿದ ಹೈಡ್ರೋಕಾರ್ಬನ್. ಸೌದೆ ಒಲೆ ಊದಿದ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅರೆಬರೆ ಉರಿದದ್ದೇ ಕಾಟ ಕೊಡುವುದು. ಡೀಸೆಲ್ ಕಾರಿನದು ಬೇರೆ ಕ್ರಮ. ಆಕ್ಸಿಲರೇಟರ್ ಜೋರಾಗಿ ಒತ್ತಿ, ಬರುವ ಹೊಗೆಯೊಳಗೆ ಬೆಳಕು ಹಾಯಿಸಿ, ಹೊಗೆ ಎಷ್ಟು ಬೆಳಕನ್ನು ತಡೆಯಿತೆಂದು ನೋಡುತ್ತಾರೆ.

“ನನ್ನ ಕಾರಲ್ಲಿ ಹೊಗೆಯೇ ಕಾಣೋದಿಲ್ಲ, ಟೆಸ್ಟ್ ಯಾಕೆ?” ಎನ್ನುವವರಿದ್ದಾರೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಹೋಗಿ ಕೂತುಬಿಡುತ್ತದೆ. ಅಂದಹಾಗೆ, ಸೈಲೆನ್ಸರಿನ ಬಾಯಿ ಇರುವುದು ನಮ್ಮಂಥವರ ಮೊಣಕಾಲಿನ ಮಟ್ಟದಲ್ಲಿ. ಶಾಲೆಯ ಗೇಟಿನ ಮುಂದೆ ಸಾಲುಗಟ್ಟಿ ನಿಂತ ಕಾರುಗಳ ನಡುವೆ ಅದಕ್ಕೆ ಹತ್ತಿರವಿರುವ ಮೂಗು ಯಾರದು, ನೀವೇ ಯೋಚಿಸಿ.

ನಮ್ಮ ಹಿಂದಿದ್ದ ಯಜಮಾನರಿಗೆ ಅವಸರ. “ಕೊಳವೆ ಗಿಳವೆ ಬೇಡಪ್ಪ, ಚೀಟಿ ಕೊಟ್ಟುಬಿಡು” ಎಂದರು. ಚೀಟಿ ಇಲ್ಲದೆ ಸಿಕ್ಕಿಬಿದ್ದರೆ ಕಾನೂನಿನಲ್ಲಿ 10,000 ರೂಪಾಯಿವರೆಗೂ ದಂಡವಿದೆ. ಹಾಗಾಗಿ ದೊಡ್ಡವರಿಗೆ ಚೀಟಿಯ ಮೇಲೆ ಇರುವಷ್ಟು ಪ್ರೀತಿ ಕೊಳವೆಯ ಮೇಲಿಲ್ಲ. ನಂಬರ್ ಪ್ಲೇಟಿನ ಫೋಟೋ ಹೊಡೆದು ಚೀಟಿ ಕೊಟ್ಟು ಕಳಿಸುವವರನ್ನೂ ನಾನು ಬೇರೆ ಕಡೆ ಕಂಡಿದ್ದೇನೆ. ಈ ಹುಡುಗ ಮಾತ್ರ, “ಆಗಲ್ಲ ಸಾರ್, ಎರಡು ನಿಮಿಷ” ಎಂದ. ಮೊಮ್ಮಗಳು ನನ್ನ ಕಿವಿಯಲ್ಲಿ, “ಪರೀಕ್ಷೆ ಬರೀದೇನೇ ಪಾಸಾಗ್ಬಹುದಾ ತಾತ?” ಎಂದು ಕೇಳಿದಳು. ಅದು ಯಜಮಾನರಿಗೂ ಕೇಳಿಸಿತು. ಅವರು ಸುಮ್ಮನೆ ಎಂಜಿನ್ ಚಾಲೂ ಮಾಡಿದರು.

ಮುಂದಿನ ಸಲ ಅಪ್ಪನ ಜೊತೆ ನೀವೂ ಹೋಗಿ. ಕೊಳವೆ ಒಳಗೆ ಹೋಯಿತೇ ನೋಡಿ. ಚೀಟಿಯಲ್ಲಿ ಮಿತಿ ಎಷ್ಟು, ನಿಮ್ಮ ಕಾರಿನದು ಎಷ್ಟು ಎಂದು ಅಚ್ಚಾಗಿರುತ್ತದೆ, ಓದಿ. ಈಚಿನ ಪೆಟ್ರೋಲ್ ಕಾರಿಗೆ ಕಾರ್ಬನ್ ಮಾನಾಕ್ಸೈಡಿನ ಮಿತಿ ಶೇ 0.3. ನಮ್ಮದು 0.04 ಬಂದಿತ್ತು. ಇಷ್ಟು ಕಡಿಮೆ ಮಾರ್ಕ್ಸಿಗೆ ಅಪ್ಪ ಖುಷಿಪಟ್ಟದ್ದನ್ನು ಅವಳು ನೋಡಿದ್ದು ಅದೇ ಮೊದಲು!