ಕಾರ್ಡಿನ ವಿಳಾಸದ ಬದಿ

ಊರಿನ ಹಳೆಯ ಅಂಚೆ ಕಾರ್ಡುಗಳನ್ನು ಸಂಗ್ರಹಿಸುವವರು ಸಾಮಾನ್ಯವಾಗಿ ಚಿತ್ರಕ್ಕೆ ಮರುಳಾಗುತ್ತಾರೆ. ಬೇಕಲ ಕೋಟೆಯ ಚಿತ್ರವಿದ್ದರೆ ಅದಕ್ಕೆ ಬೆಲೆ; ಸಾದಾ ಕಾರ್ಡು ಹಳೆಮನೆ ಕೆಡಹುವ ದಿನ ಗುಜರಿಯ ಪಾಲು. ಕನ್ನಡದ ವಿದ್ಯಾರ್ಥಿ ಹುಡುಕಬೇಕಾದದ್ದು ಆ ಸಾದಾ ಕಾರ್ಡನ್ನೇ.

ಕಾಸರಗೋಡಿನ ಒಂದೇ ಮನೆಗೆ ಬಂದ ಕಾರ್ಡುಗಳನ್ನು ಅಂಚೆಮುದ್ರೆಯ ತಾರೀಖಿನಂತೆ ಜೋಡಿಸಿದರೆ, ಮನೆ ಕದಲದಿದ್ದರೂ ಜಿಲ್ಲೆ ಕದಲಿದ್ದು ಕಾಣುತ್ತದೆ. 1956ರ ಅಕ್ಟೋಬರ್ ಕೊನೆಯವರೆಗೆ ಅದು ದಕ್ಷಿಣ ಕನ್ನಡ. ನವೆಂಬರ್ 1ರಿಂದ ಕೇರಳದ ಮಲಬಾರ್ ಜಿಲ್ಲೆ, ಅದೂ ಎರಡೇ ತಿಂಗಳು! 1957ರ ಜನವರಿ 1ರಿಂದ ಕಣ್ಣಾನೂರು. 1984ರ ಮೇ 24ರಿಂದ ಕಾಸರಗೋಡು. ಮಂಗಳೂರಿನ ನೆಂಟರು ಹೊಸ ಹೆಸರನ್ನು ಒಡನೆಯೇ ಬರೆಯತೊಡಗಿದರೆ? ಹಳೆಯದನ್ನೇ ಎಷ್ಟು ವರ್ಷ ಬರೆದರು? ಅದಕ್ಕೆ ಸಾಕ್ಷಿ ಹೇಳಬಲ್ಲದ್ದು ವಿಳಾಸದ ಬದಿ.

ಆದುದರಿಂದ ತಂತಿಗೆ ಚುಚ್ಚಿಟ್ಟ ಕಾರ್ಡುಗಳಲ್ಲಿ ಚಂದದ್ದನ್ನಷ್ಟೇ ಆರಿಸಿ ತರುವುದು ತಪ್ಪು. ಅವು ಇದ್ದ ಕ್ರಮವೂ ಮುಖ್ಯ. ಒಳಗೆ ಸಾಲದ ಮಾತಿರಬಹುದು, ಸಾವಿನ ಸುದ್ದಿಯಿರಬಹುದು. ಅದು ಮನೆಯವರ ಸೊತ್ತು. ಅವರ ಒಪ್ಪಿಗೆ ಪಡೆದು ಎರಡೂ ಬದಿಗಳ ಫೋಟೋ ತೆಗೆದು, ಕಾರ್ಡುಗಳನ್ನು ಅದೇ ಕ್ರಮದಲ್ಲಿ ಅದೇ ತಂತಿಗೆ ಮರಳಿಸಿದರೆ ಸಾಕು.