ಮಾರಾಟವಾಗದ ನಿವೇಶನವೂ ಗುಡ್ಡವನ್ನು ಕಡಿದಿರುತ್ತದೆ

ಕೊಡಗಿನಲ್ಲಿ ಮನೆ-ನಿವೇಶನಗಳಿಗೆ ಅಪಾರ ಬೇಡಿಕೆಯಿದೆ, ಆದುದರಿಂದ ಹೊಸ ಬಡಾವಣೆಗಳು ಅನಿವಾರ್ಯ ಎಂಬ ವಾದ ಪದೇ ಪದೇ ಕೇಳಿಬರುತ್ತದೆ. ಪರೀಕ್ಷಿಸದೆ ಇದನ್ನು ಒಪ್ಪುವುದು ಸರಿಯಲ್ಲ. 2001ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 5,48,561, 2011ರಲ್ಲಿ 5,54,519. ಹತ್ತು ವರ್ಷಗಳಲ್ಲಿ ಹೆಚ್ಚಿದವರು ಆರು ಸಾವಿರಕ್ಕೂ ಕಡಿಮೆ. ಕೂಡುಕುಟುಂಬಗಳು ಒಡೆದು ಮನೆಗಳ ಅಗತ್ಯ ಬೆಳೆದಿರುವುದು ನಿಜ. ಹಾಗಾದರೆ ಬೇಡಿಕೆ ಯಾರದು, ಎಂತಹ ಮನೆಗೆ ಎಂದು ಕೇಳಬೇಕು.

ಇದನ್ನು ಅಳೆಯಲು ಸರಳ ಲೆಕ್ಕವೊಂದಿದೆ. ಮಾರಾಟಕ್ಕಿರುವ ಮನೆಗಳ ಸಂಖ್ಯೆಯನ್ನು ತಿಂಗಳಿಗೆ ಮಾರಾಟವಾಗುವ ಸಂಖ್ಯೆಯಿಂದ ಭಾಗಿಸಿದರೆ, ಇರುವ ದಾಸ್ತಾನು ಎಷ್ಟು ತಿಂಗಳಿಗೆ ಸಾಕೆಂಬುದು ತಿಳಿಯುತ್ತದೆ. ಒಂದು ಊರಿನಲ್ಲಿ 60 ದುಬಾರಿ ಮನೆಗಳಿದ್ದು ತಿಂಗಳಿಗೆ 5 ಮಾರಾಟವಾಗುತ್ತವೆ ಎಂದಿಟ್ಟುಕೊಳ್ಳೋಣ: ಅದು 12 ತಿಂಗಳ ದಾಸ್ತಾನು. ಅಲ್ಲಿಯೇ ಸಣ್ಣ ಮನೆಗಳು 10 ಮಾತ್ರ ಇದ್ದು, ಅವೂ ತಿಂಗಳಿಗೆ 5ರಂತೆ ಮಾರಾಟವಾದರೆ ಎರಡೇ ತಿಂಗಳಲ್ಲಿ ಮುಗಿಯುತ್ತವೆ. ಎರಡನ್ನೂ ಕೂಡಿಸಿದರೆ ಏಳು ತಿಂಗಳೆಂಬ ಉತ್ತರ ಬರುತ್ತದೆ. ಆ ಸರಾಸರಿಯಲ್ಲಿ ಒಂದು ಕಡೆಯ ಅತಿಯೂ ಕಾಣದು, ಇನ್ನೊಂದು ಕಡೆಯ ಕೊರತೆಯೂ ಕಾಣದು.

ಬಸ್ಸಿಗೆ ಹತ್ತಿರವಿರುವ ಸಣ್ಣ ಮನೆಯನ್ನು ಅರಸುವ ಶಿಕ್ಷಕರು, ತೋಟದ ಲೈನ್ ಮನೆ ಬಿಟ್ಟು ಸ್ವಂತ ಸೂರು ಬಯಸುವ ಕಾರ್ಮಿಕರು ಒಂದು ಮಾರುಕಟ್ಟೆಯವರು. ರಜೆಗೆಂದೋ ಹೂಡಿಕೆಗೆಂದೋ ಇಳಿಜಾರಿನಲ್ಲಿ ನೋಟ ಚೆನ್ನಾಗಿರುವ ಜಾಗ ಕೊಳ್ಳುವವರು ಬೇರೆ ಮಾರುಕಟ್ಟೆಯವರು. ಮೊದಲಿನವರ ಕೊರತೆಯನ್ನು ತೋರಿಸಿ ಎರಡನೆಯವರ ಬಡಾವಣೆಗೆ ಅನುಮತಿ ಪಡೆಯುವುದನ್ನು ನಾವು ಪ್ರಶ್ನಿಸಬೇಕು.

ಅಂಗಡಿಯಲ್ಲಿ ಉಳಿದ ಸರಕಿನಿಂದ ನಷ್ಟ ವ್ಯಾಪಾರಿಗೆ ಮಾತ್ರ. ಉಳಿದ ನಿವೇಶನ ಹಾಗಲ್ಲ. ಮಾರಾಟಕ್ಕೆ ಮೊದಲೇ ಬರೆ ಕಡಿದು, ತೊರೆಯ ದಾರಿ ತಿರುಗಿಸಿ ಆಗಿರುತ್ತದೆ. 2018ರ ಆಗಸ್ಟ್‌ನ ಭೂಕುಸಿತಗಳಿಗೆ ಅತಿಮಳೆಯೊಂದಿಗೆ ಮನುಷ್ಯರು ಇಳಿಜಾರನ್ನು ಕಡಿದುದೂ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಗುರುತಿಸಿತು. ಬಯಲು ಜಾಗವೆಂಬ ಮಾತ್ರಕ್ಕೆ ಸುರಕ್ಷಿತವೂ ಅಲ್ಲ. 2018 ಮತ್ತು 2019ರಲ್ಲಿ ಕುಶಾಲನಗರದ ಕಾವೇರಿ ದಂಡೆಯ ಬಡಾವಣೆಗಳಿಗೆ ನೀರು ನುಗ್ಗಿತು.

ಆದುದರಿಂದ ಎಣಿಕೆ ಮೊದಲು, ಅನುಮತಿ ಅನಂತರ ಎಂಬುದು ನಮ್ಮ ಒತ್ತಾಯ. ಕೃಷಿಭೂಮಿಯ ಪರಿವರ್ತನೆಗೆ 1964ರ ಭೂಕಂದಾಯ ಕಾಯ್ದೆಯ 95ನೆಯ ಕಲಮು ಇದೆ. 2016ರ ರಿಯಲ್ ಎಸ್ಟೇಟ್ ಕಾಯ್ದೆಯಂತೆ, ನೋಂದಾಯಿತ ಯೋಜನೆಗಳಲ್ಲಿ ಎಷ್ಟು ನಿವೇಶನ ಅಥವಾ ಮನೆಗಳು ಬುಕ್ ಆಗಿವೆ ಎಂಬುದನ್ನು ಮೂರು ತಿಂಗಳಿಗೊಮ್ಮೆ ಪ್ರಾಧಿಕಾರದ ಜಾಲತಾಣದಲ್ಲಿ ಪ್ರಕಟಿಸಬೇಕು. ವಿದ್ಯಾರ್ಥಿ ಮಿತ್ರರು ಈ ಮಾಹಿತಿಯನ್ನು ತಮ್ಮ ಪಂಚಾಯಿತಿಯ ಮಟ್ಟಿಗೆ ಕಲೆಹಾಕಬಹುದು. ಒಟ್ಟು ನಿವೇಶನಗಳೆಷ್ಟು, ಮಾರಾಟವಾದವು ಎಷ್ಟು, ಮನೆ ಎದ್ದವು ಎಷ್ಟು, ಅವುಗಳಲ್ಲಿ ವರ್ಷವಿಡೀ ದೀಪ ಉರಿಯುವವು ಎಷ್ಟು, ಇಳಿಜಾರಿನಲ್ಲಿರುವವು ಎಷ್ಟು ಎಂಬ ಐದು ಪ್ರಶ್ನೆಗಳು ಸಾಕು.

ಮನೆ ಕಟ್ಟುವುದಕ್ಕೆ ನಮ್ಮ ವಿರೋಧವಿಲ್ಲ. ಸೂರಿಲ್ಲದವರಿಗೆ ಸುರಕ್ಷಿತ ಜಾಗದಲ್ಲಿ ಮನೆ ಸಿಗಲೇಬೇಕು. ಮುಂದಿನ ಗ್ರಾಮಸಭೆಗೆ ಈ ಲೆಕ್ಕದೊಂದಿಗೆ ಹೋಗೋಣ.